ಸಣ್ಣ ಕಾಟಾ

ಗಂಜಿನ ದಾಲ್ ಮಿಲ್ಲಿನಾಗ ನಂದು ಕಾಟಾ ಖೋಲಿ.
ತುಂಬಿದ ಲಾರಿ ಬರ್ತದ, ಬರ್ಕೋತೀನಿ.
ಖಾಲಿ ಲಾರಿ ಹೋಗ್ತದ, ಬರ್ಕೋತೀನಿ.
ನಡುವಿನ ಫರಕೇ ತೊಗರಿ.
ಇಪ್ಪತ್ತೆರಡು ವರ್ಷ. ಹತ್ತು ಕಿಲೋ ಆಚಿಗೀಚಿಗಾದ್ರ
ಕಾಟಾ ಸುಳ್ಳು ಹೇಳ್ಲತ್ತದ ಅಂತ
ಅದರ ಕಿರುಗುಡೂದ್ರಾಗೇ ತಿಳೀತದ ನನಗ.

ನನ್ನ ಮೈದು ಮಾತ್ರ
ಎರಡು ಬ್ಯಾಸಿಗಿ ತಿಳೀಲಿಲ್ಲ.
ಮೇ ತಿಂಗಳ ಕಲಬುರಗಿ. ಯಾರು ಬೆವರೂದಿಲ್ಲ ಹೇಳ್ರಿ?
ಹಮಾಲರು ಬೆವರ್ತಾರ, ಸೇಠ್ ಎಸಿಯಾಗ ಕುಂತು ಬೆವರ್ತಾನ.
ಎದಿಯಿಂದ ಬೆಂಕಿ ಎದ್ದು ಕಿವಿತನಕ ಬಂದ್ರ
ಬಿಸಿಲಂದೆ.
ಕೂಲರಿಗೆ ಮತ್ತೊಂದು ಕೊಡ ನೀರು ಸುರುವಿದೆ.

ಸಿಕ್ಕಿಬಿದ್ದದ್ದು ಡಿಸೆಂಬರಿನಾಗ.
ಎಲ್ಲಾರ ತಲಿಗೂ ಮಫ್ಲರು, ನಾ ಪಾವತಿ ಪುಸ್ತಕದಿಂದ
ಗಾಳಿ ಹಾಕ್ಕೋತ ಕುಂತಿದ್ದೆ.
"ಅಕ್ಕಾ, ಜ್ವರ ಏನ್ರಿ?" ಅಂದ ಚೀಲ ಹೊರೋ ಹುಡುಗ.
ಹೌದಪಾ ಅಂದೆ.
ಮತ್ತೇನಂತ ಅನ್ನಬೇಕು ಆ ಕೂಸಿಗೆ.

ಡಾಕ್ಟರಮ್ಮ ರಕ್ತ ತಗೊಂಡ್ರು, ಎದಿ ಫೋಟೋ ತೆಗೆಸಿದ್ರು,
ಕಂಪನಿ ಗುಳಿಗಿ ಕೊಟ್ಟರು, ಅದಕ್ಕ ತಲಿ ಸಿಡೀತು.
ಕಡೀಗೆ ಒಂದು ಚೀಟಿ ಬರದು
ಸ್ಟೇಷನ್ ರೋಡಿನ ಒಂದು ಮಾಳಿಗಿ ಹತ್ತಸಿದ್ರು.
ಔಷಧಿ ಮಾರೋ ಅಂಗಡಿ ಅಲ್ಲ, ಮಾಡೋ ಅಂಗಡಿ.

ಅಲ್ಲಿ ತಹಸೀನ್. ನನ್ನ ಮಗಳಿಗಿಂತ ಎರಡು ವರ್ಷ ದೊಡ್ಡಾಕಿ.
ಆಕಿ ಹಿಂದ, ಗಾಜಿನ ಪೆಟ್ಟಿಗಿಯೊಳಗ
ಒಂದು ಕಾಟಾ.
ಉಸಿರು ಬಿಟ್ಟರ ಅಂಕಿ ಜಿಗೀತಾವ.
ನನ್ನ ಕಾಟಾದ ಮ್ಯಾಲ ಲಾರಿ ನಿಲ್ತದ,
ಇದರ ಮ್ಯಾಲ ಒಂದು ಸಾಸಿವಿ ನಿಂತ್ರ ಅದೇ ಲಾರಿ.
ನಾ ನೋಡ್ಕೋತ ನಿಂತುಬಿಟ್ಟೆ, ಬಂದ ಕೆಲಸ ಮರ್ತು.

ರಾತ್ರಿ ಎಷ್ಟು ಸಲ ಏಳ್ತೀರಿ?
ಸಿಟ್ಟು ಬಂದ ಮ್ಯಾಲ ಅಳು ಬರ್ತದೋ, ಅಳು ಬಂದ ಮ್ಯಾಲ ಸಿಟ್ಟೋ?
ಹೆಸರು ಮರೀತೀರೇನು?
ನನ್ನ ಅಳತಿ ತಗೊಂಡಾಕಿ ಈತನಕ
ಜಂಪರ್ ಹೊಲಿಯೋ ಗೋದೂಬಾಯಿ ಒಬ್ಬಾಕಿನೇ.

"ನಿಮ್ಮ ಮೈ ಮಾಡ್ತಿದ್ದುದರ ಥೇಟ್ ಜೋಡಿ ಇದು, ಆಂಟಿ.
ಸೋಯಾಕಾಳಿನಿಂದ ತಗೀತಾರ."
ನಗು ಬಂತು ನನಗ.
ಬೀದರ ಕಡಿಯ ಸೋಯಾ ಎಷ್ಟು ಲಾರಿ ತೂಗಿ ಕಳಿಸೀನಿ,
ಇಷ್ಟು ವರ್ಷಕ್ಕ ಒಂದು ಬಟ್ಟಿನಷ್ಟು ತಿರುಗಿ ಬಂದದ.
"ಆದ್ರ ಔಷಧಿ ಔಷಧಿನೇ. ಮೂರು ತಿಂಗಳಿಗೊಮ್ಮೆ ಡಾಕ್ಟರಿಗೆ ತೋರಿಸ್ರಿ.
ಎಲ್ಲಾರಿಗೂ ಒಗ್ಗೂದಿಲ್ಲ. ಖಾತ್ರಿ ಕೊಡೂದಿಲ್ಲ ನಾ."
ಖಾತ್ರಿ ಕೊಡದ ವ್ಯಾಪಾರಿನ್ನ ಗಂಜಿನಾಗ ಒಮ್ಮೆನೂ ಕಂಡಿಲ್ಲ.
ಅದಕ್ಕೇ ನಂಬಿದೆ.

ಕೈಗೆ ಹಚ್ಚೋ ಮುಲಾಮು, ರಾತ್ರಿಗೊಂದು ಕ್ಯಾಪ್ಸೂಲು.
ಡಬ್ಬಿ ಮ್ಯಾಲ ಅಂಟಿಸಿದ ಚೀಟಿ:
ಜಗದೇವಿ ಗುರುಲಿಂಗಪ್ಪ ಹಡಪದ.
ಕರೆಂಟ್ ಬಿಲ್ಲು ಅವರ ಹೆಸರಿಲೆ, ಮನಿ ಮಾವನ ಹೆಸರಿಲೆ.
"ತಿಂಗಳಿಗೆ ಎಷ್ಟು ಬೀಳ್ತದ?" ಅಂದ್ರು ಮನಿಯವರು.
ನಿಮ್ಮ ಗುಟಕಾದಷ್ಟು, ಅಂದೆ.
ಆಮ್ಯಾಲ ಮಾತಾಡ್ಲಿಲ್ಲ.

ಅವ್ವ ನನ್ನ ವಯಸ್ಸಿನಾಗ
ಹಾಸಿಗಿ ಬಿಟ್ಟು ಶಹಾಬಾದ್ ಫರಸಿ ಮ್ಯಾಲ ಮಲಗ್ತಿದ್ಳು.
ಅದೂ ಸಂಕ್ರಾಂತಿ ಥಂಡಿಯಾಗ, ಗಲ್ಲ ಕಲ್ಲಿಗೆ ಹಚ್ಚಿ,
ಎರಡೂ ಕೈ ಚಾಚಿ, ಕಲ್ಲು ಓಡಿಹೋಗ್ತದೇನೋ ಅನ್ನೂಹಂಗ.
ಅಪ್ಪನ ಮ್ಯಾಲ ಮುನಿಸಂದ್ಕೊಂಡಿದ್ದಿವಿ.
ಚಿಗವ್ವ ಗಾಳಿ ಸೋಕ್ಯಾದ ಅಂದ್ಳು, ತಾಯತ ಕಟ್ಟಸಿದ್ಳು.
ಆ ತಾಯತಾನೂ ಕಾಯ್ತಿತ್ತೇನೋ ಕೊಳ್ಳಾಗ.
ರಾತ್ರಿ ಎಷ್ಟು ಸಲ ಏಳ್ತಿ ಅಂತ ಒಬ್ಬರೂ ಕೇಳಲಿಲ್ಲ.
ನಾನೂ ಕೇಳಲಿಲ್ಲ. ನೋಡೀನಿ.
ಕೌದಿ ಎಳಕೊಂಡು ಮಗ್ಗಲಾಗೀನಿ.

ಡಬ್ಬಿ ಒಡೆದು ಐದನೇ ವಾರ.
ನಸಿಕಿನ ಮೂರಕ್ಕ ಎಚ್ಚರಾತು, ರೂಢಿ.
ರೂಢಿಲೇ ಎದ್ದು ಹೋಗಿ ಫರಸಿ ಮ್ಯಾಲ ಅಡ್ಡಾದೆ,
ಗಲ್ಲ ಹಚ್ಚಿದೆ.

ಅವ್ವಾ,
ಥಂಡಿ ಹತ್ಲತ್ತದ ನನಗ.

ಆದರೂ ತುಸು ಹೊತ್ತು
ಹಂಗೇ ಇದ್ದೆ.