ಕುಬಸದ ತೋಟ

ಕಾಗದದಲ್ಲಿ ಇದರ ಹೆಸರು ಚೋಳಿ-ಬಾಂಗಡಿ,
ಬಾಯಲ್ಲಿ ಕುಬಸದ ತೋಟ.
ದೇಸಗತಿಯ ಮಗಳು ಕುಬಸಕ್ಕೆ, ಬಳೆಗೆ
ಅಣ್ಣತಮ್ಮಂದಿರ ಮುಂದೆ ಕೈ ಚಾಚಬಾರದೆಂದು
ಬಾಗಲಕೋಟೆಯ ಆಚೆ, ಘಟಪ್ರಭೆಯ ದಂಡೆಗೆ
ಹನ್ನೊಂದೆಕರೆ ಎಂಟು ಗುಂಟೆ ಎರಿಹೊಲ
ನೀಲಗಂಗವ್ವನ ಉಡಿಗೆ ಹಾಕಿದರಂತೆ.
ಎಷ್ಟು ಕುಬಸ ಹೊಲಿಸಬಹುದಿತ್ತು!
ಅವಳು ಬಾವಿ ತೋಡಿಸಿದಳು.
ಗುಳೇದಗುಡ್ಡದ ಖಣದವು ಎರಡೇ ಇದ್ದವಂತೆ ಕಡೆತನಕ,
ಒಂದು ಮೈಮೇಲೆ, ಒಂದು ಹಗ್ಗದ ಮೇಲೆ.

ಅವಳ ಮಗಳು ಕಾಶವ್ವ ನಿಂಬೆ ಹಚ್ಚಿದಳು.
ಎರಡು ಅಂಕಣದ ಮಾಳಿಗೆ ಮನೆ,
ಕಿಟಕಿಯಲ್ಲಿ ಕೂಸು ಮಲಗುವಷ್ಟು ದಪ್ಪ ಗೋಡೆ.
ಗಂಡ ಊರಿಂದ ಬಂದರೆ ಹೊರಗಿನ ಕಟ್ಟೆಗೆ ಹಾಸಿಗೆ,
ತಂಬಿಗೆ ನೀರು, ಬೆಲ್ಲ,
ಬೀಗರಿಗೆ ಕೊಟ್ಟ ಹಾಗೆ.

ಬಸಲಿಂಗವ್ವನನ್ನು ನಾನು ಕಂಡಿದ್ದೇನೆ.
ತಮ್ಮಂದಿರು ಹಾಕಿದ ದಾವೆಗೆ ಹದಿನಾಲ್ಕು ವರ್ಷ
ಚಕ್ಕಡಿಯಲ್ಲಿ ನಿಂಬೆಯ ಚೀಲ ಹೇರಿಕೊಂಡು ಹೋಗಿ
ಪೇಟೆಯಲ್ಲಿ ಸುರಿದು, ಆ ರೊಕ್ಕ ವಕೀಲರಿಗೆ ಸುರಿದು
ಖಾಲಿ ಚೀಲವನ್ನೇ ತಲೆದಿಂಬು ಮಾಡಿಕೊಂಡು ಬಂದವಳು.
"ಕುಬಸಕ್ಕ ಹನ್ನೊಂದೆಕರೆ ಯಾಕ ಬೇಕಬೇ?"
ಎದುರು ವಕೀಲ ಕೇಳಿದ್ದಕ್ಕೆ
"ನನ್ನ ಎದಿ ದೊಡ್ಡದೈತ್ರಿ" ಅಂದಳಂತೆ.
ಕೋರ್ಟಿನ ಪಂಖಾ ಕೂಡ ನಿಂತಿತಂತೆ.
ಗೆದ್ದ ದಿನ ಊರಿಗೆಲ್ಲ ಪೇಢೆ.
ಯಮನವ್ವನಿಗೆ ಎರಡು.

ಯಮನವ್ವ
ನಲವತ್ತು ವರ್ಷ ಆ ನಿಂಬೆಗಳಿಗೆ ನೀರು ತಿರುವಿದವಳು,
ಹೊತ್ತು ಮುಳುಗಿದ ಮೇಲೆ ಬರಿ ಸಲಿಕೆಯ ಸಪ್ಪಳವಾಗಿ ಉಳಿಯುತ್ತಿದ್ದವಳು.
ಹಬ್ಬಕ್ಕೆ ಅವಳಿಗೆ ನಮ್ಮ ಹಳೆಯ ಕುಬಸ ಕೊಡುವ ವಾಡಿಕೆ.
ತೋಳು ಬಿಗಿ. ಬಿಚ್ಚಿ ಹೊಲಿದುಕೊಳ್ಳುತ್ತಿದ್ದಳು.

ನಮ್ಮವ್ವ ಸುಗಂಧಾಳ ಪಾಳಿಗೆ ಬಂದದ್ದು ನೀರು.
ಆಲಮಟ್ಟಿಯಲ್ಲಿ ಗೇಟು ಇಳಿಸಿದರೆ
ನಮ್ಮ ಹೊಳೆ ಹಿಂದಕ್ಕೆ ನಡೆಯುತ್ತದಂತೆ.
ಮರಮರಕ್ಕೆ ಸುಣ್ಣದಲ್ಲಿ ನಂಬರು ಬರೆದರು:
ಕಾಯಿ ಬಿಡುವ ನಿಂಬೆಗೆ ಇಷ್ಟು, ಬಿಡದ ನಿಂಬೆಗೆ ಇಷ್ಟು,
ಬಾವಿಗೆ ಫೂಟಿನ ಲೆಕ್ಕ.
"ನೀರ ಹಾಯಿಸಿದ್ದಕ್ಕ ಏನಾರ ಐತೇನ್ರಿ?"
ಯಮನವ್ವ ಕೇಳಿದಳು.
ಆ ಕಾಲಮ್ಮು ಇರಲಿಲ್ಲ.
ನಮ್ಮವ್ವ ತಲೆ ಎತ್ತದೆ ಸಹಿ ಮಾಡಿದಳು.
ನಾನೂ ಅಲ್ಲೇ ನಿಂತಿದ್ದೆ.

ಈಗ ನವನಗರದ ಸೆಕ್ಟರಿನಲ್ಲಿ ಮನೆ.
ಕುಂಡದಲ್ಲೊಂದು ನಿಂಬೆ, ಹೂವಿಗೆ ಬರುತ್ತದೆ, ಕಾಯಿ ಹಿಡಿಯುವುದಿಲ್ಲ.
ಹೆಣ್ಣುಮಕ್ಕಳಿಲ್ಲ ನನಗೆ.
ತಂಗಿಯ ಮಗಳು ದಾನೇಶ್ವರಿಗೆ ಕೊಡಲು
ಇರುವುದು ಒಂದು ಕೀಲಿ. ಬಾಗಿಲು ನೀರಿನಲ್ಲಿ.
ನಗುತ್ತಾಳೆ ಹುಡುಗಿ:
"ದೊಡ್ಡವ್ವಾ, ಇದಕ್ಕ ವಾರಸಾ ಹೆಂಗ ಹಚ್ಚೂದು?"

ಮೇ ತಿಂಗಳು ಹಿನ್ನೀರು ಇಳಿದಾಗ ಸ್ಕೂಟಿಯಲ್ಲಿ ಹೋದೆವು.
ಗೋಡೆ ಮೊಣಕಾಲುದ್ದ ಉಳಿದಿದೆ,
ಕೂಸು ಮಲಗುತ್ತಿದ್ದ ಎತ್ತರದಲ್ಲಿ ಬರಿ ಗಾಳಿ.
ಬಾವಿ ರೇವೆ ತುಂಬಿ ನೆಲಕ್ಕೆ ಸಮ,
ಕಲ್ಲಿನ ಉಂಗುರವಷ್ಟೇ ಕಾಣುತ್ತದೆ.
ಬಿರಿದ ರೇವೆಯ ಮೇಲೆ ಕಲ್ಲಂಗಡಿ ಬಳ್ಳಿ, ಸೌತೆ,
ಛತ್ರಿ ಹಿಡಿದು ಕಾಯುತ್ತ ಕೂತವಳು ಹುಲಿಗೆವ್ವ,
ಯಮನವ್ವನ ಮೊಮ್ಮಗಳು.
ಉತಾರವಿಲ್ಲ, ಪಟ್ಟಾ ಇಲ್ಲ,
ನೀರು ತಿರುಗಿ ಬರುವತನಕದ ಬೇಸಾಯ.
ಯಾರನ್ನು ಕೇಳಿ ಬಿತ್ತಿದೆ ಎನ್ನಲು ನಾನು ಯಾರೂ ಅಲ್ಲ,
ಆದರೂ ಮಾತು ನಾಲಿಗೆಯ ತುದಿಗೆ ಬಂತು. ಕಚ್ಚಿಕೊಂಡೆ.

ಬೆರಳಲ್ಲಿ ಬಾರಿಸಿ ನೋಡಿ, ಒಂದು ಕಾಯಿ ಕಿತ್ತು ಕೊಟ್ಟಳು.
"ಎಷ್ಟವ್ವಾ?"
"ನಿಮ್ಮ ತೋಟದ್ದ ಅಲ್ಲೇನ್ರಿ ಅಕ್ಕಾರ, ನಿಮಗೇನ ರೊಕ್ಕ."
ತುಸು ತಡೆದು, ಬಿಸಿಲ ಕಡೆ ನೋಡಿ,
"ಮೂವತ್ತ ಕೊಡ್ರಿ."

ದಾನಿ ಫೋನು ತೆಗೆದಳು, ಅಲ್ಲಿ ರೇಂಜಿಲ್ಲ.
ನಾನು ಹತ್ತರ ಮೂರು ನೋಟು ಕೊಟ್ಟೆ.
ಹುಲಿಗೆವ್ವ ಮತ್ತೊಮ್ಮೆ ಎಣಿಸಿ
ನಾಲ್ಕಾಗಿ ಮಡಚಿ
ಕುಬಸದೊಳಗೆ ಇಟ್ಟುಕೊಂಡಳು.