ಕೆಂಪು ಕಂಡರೆ

ಹಾಲಮ್ಮನ ಕೌಲೆ ಕಾನಿನಂಚಿನಲ್ಲಿ
ಹಂದಿಗೆಂದು ಇಟ್ಟ ಉಂಡೆ ಕಚ್ಚಿ
ದವಡೆಯಿಲ್ಲದೆ, ತಾನಾಗಿಯೇ, ಕೊಟ್ಟಿಗೆಗೆ ನಡೆದು ಬಂತು.
ಮಾರನೇ ದಿನ ಶಾಲೆಗೆ
ಹತ್ತೊಂಬತ್ತರಲ್ಲಿ ಮೂವರು ಮಕ್ಕಳು.
ದಾರಿ ಇರುವುದೊಂದೇ, ಕಾನಿನ ಮಗ್ಗುಲಿನದು.

ಇಟ್ಟವರು ಯಾರೆಂದು ಊರಿಗೆಲ್ಲ ಗೊತ್ತಿತ್ತು.
ಮೇಲಿನಕೇರಿಗೆ ಗೊತ್ತಿದ್ದ ಹೆಸರು ಒಂದು,
ಕೆಳಗಿನಕೇರಿಗೆ ಗೊತ್ತಿದ್ದದ್ದು ಇನ್ನೊಂದು.
ಸಂಜೆ ಕತ್ತಿ ಮಸೆಯುವ ಸದ್ದು.
ಹುಲ್ಲಿಗೆ, ಅಂದರು.
ಹುಲ್ಲು ಕೊಯ್ಯುವ ಕಾಲವಲ್ಲ ಅದು.

ಸೊರಬದ ಸ್ಟೇಷನ್ನಿನಿಂದ ಫೋನು:
ಶಿವಮೊಗ್ಗದ ದಳ ಬರುವುದು ಸೋಮವಾರವಂತೆ.
ಅವತ್ತು ಗುರುವಾರ.

ಕೆರಿಯಪ್ಪ ಬಂದರು, ಯಾರೂ ಕರೆಯದೆ.
ರಿಟೈರ್ಡ್ ಸುಬೇದಾರ್. ಮಾತು ಕಡಿಮೆ, ಕೆಮ್ಮು ಜಾಸ್ತಿ.
ನನ್ನ ಶಾಲೆಯ ಭೂಪಟದಲ್ಲಿ ಮಡಿಕೆ ಸವೆದು
ತೂತು ಬಿದ್ದಿದೆಯಲ್ಲ, ಆ ದೇಶದಲ್ಲಿ
ಎರಡು ವರ್ಷ ನೀಲಿ ಹೆಲ್ಮೆಟ್ ತೊಟ್ಟು
ಹೊಟ್ಟೆಯ ಮೇಲೆ ಮಲಗಿ ನೆಲ ಕೆದಕಿದವರು,
ದಿನಕ್ಕೊಂದು ಮಂಚದಷ್ಟು ಜಾಗ.

ಬಿದಿರು ಸೀಳಿಸಿ ಗೂಟ ಮಾಡಿಸಿದರು ನನ್ನ ಕೈಲಿ.
ಒಂದು ಮೈಗೆ ಸುಣ್ಣ, ಒಂದು ಮೈಗೆ ಕೆಮ್ಮಣ್ಣು.
‘ಬಿಳಿ ಕಂಡರೆ ನೀವು ಹೊರಗಿದ್ದೀರಿ, ಅಕ್ಕೋರೇ.
ಕೆಂಪು ಕಂಡರೆ
ಆಗಲೇ ಒಳಗಿದ್ದೀರಿ. ಓಡಬೇಡಿ.
ಬಂದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು ಹಿಂದಕ್ಕೆ.’

ಗೂಟ ಬಡಿಯುತ್ತ ಹೇಳಿದರು, ನನಗೋ ಬಿದಿರಿಗೋ:
ನಮ್ಮ ಸಾಲಲ್ಲಿ ಎಡಕ್ಕೆ ಬೋಸ್ನಿಯಾದ ಮಿರ್ಸಾದ್,
ಬಲಕ್ಕೆ ಕಾಂಬೋಡಿಯಾದ ಸೋಫಾಲ್, ಒಂದು ಕಾಲು ಪ್ಲಾಸ್ಟಿಕ್ಕಿನದು.
ಒಬ್ಬರ ಮಾತು ಒಬ್ಬರಿಗೆ ಬಾರದು.
ಕೈಯೆತ್ತಿದರೆ ನಿಲ್ಲು. ಅಷ್ಟೇ ವ್ಯಾಕರಣ.
ಊಟಕ್ಕೆ ಕೂತಾಗ ಮಿರ್ಸಾದ್
ಬೆರಳು ನೆಕ್ಕಿ ತೋರಿಸಿ ಉಪ್ಪಿನಕಾಯಿ ಬೇಡುತ್ತಿದ್ದ.
ಎಷ್ಟು ಯಂತ್ರ ಬಂದರೂ, ಅಕ್ಕೋರೇ,
ಹೂತವನೇ ಬಂದು ಇಲ್ಲಿದೆ ಅನ್ನಬೇಕು.
ಒಬ್ಬ ಅಂದ. ಹದಿನಾಲ್ಕು ತಿಂಗಳು ಅವನ ಜಗಲಿಯಲ್ಲಿ
ಸುಮ್ಮನೆ ಚಹಾ ಕುಡಿದ ಮೇಲೆ.
ಯಾಕೆ ಹೂತೆ ಅಂತ ನಾವು ಕೇಳಲಿಲ್ಲ.
ಕೇಳಬೇಕಿತ್ತೇನೋ. ಅದು ಬೇರೆಯವರ ಕೆಲಸ
ಅಂತಿತ್ತು ಕಾಗದದಲ್ಲಿ.

ನಮಗೆ ಹದಿನಾಲ್ಕು ತಿಂಗಳಿರಲಿಲ್ಲ.
ಶಾಲೆಯ ಜಗಲಿಗೆ ಕರಿಹಲಗೆ ಒರಗಿಸಿ
ಒಂದು ತುಂಡು ಸೀಮೆಸುಣ್ಣ ಇಟ್ಟು, ನೆತ್ತಿಯಲ್ಲಿ ಬರೆದರು:
ಯಾರು ಬೇಡ. ಎಲ್ಲಿ, ಎಷ್ಟು.
ದೀಪ ಆರಿಸಿ ಮನೆಗೆ ಹೋದೆವು.

ಬೆಳಿಗ್ಗೆ ಹಲಗೆಯೊಳಗೆ ಕಾನು ಇತ್ತು.
ಹಳ್ಳದ ಗೆರೆ, ಧೂಪದ ಮರ,
ಐದು ಸೊನ್ನೆ, ಪಕ್ಕದಲ್ಲಿ ೫.
ಕೆಳಗೆ, ಬೇರೆ ಕೈಯಲ್ಲಿ,
ಇನ್ನೂ ನಾಲ್ಕು.

ಎರಡು ಕೈಯೂ ನನಗೆ ಗೊತ್ತು.
ಇಪ್ಪತ್ತೆರಡು ವರ್ಷ ಹಿಡಿದು ತಿದ್ದಿಸಿದವಳು ನಾನು.
ಐದರ ಬಾಲವನ್ನು ಹೀಗೆ ಒಳಕ್ಕೆಳೆಯುವವನು
ಮೇಲಿನಕೇರಿಯಲ್ಲಿ ಒಬ್ಬನೇ.
ನಾಲ್ಕನ್ನು ತಲೆಕೆಳಗು ಮಾಡುವವನಿಗೆ
ಮೂರನೇ ಕ್ಲಾಸಲ್ಲಿ ಬೆತ್ತದ ರುಚಿ ತೋರಿಸಿದ್ದೆ.
ಅವನು ಕೆಳಗಿನಕೇರಿ.

ಬಾಯಿ ತೆರೆದೆ.
ಕೆರಿಯಪ್ಪ ನನ್ನ ಮುಖ ನೋಡಿದರು.
ಕೈಯೆತ್ತಿದರು.
ನಿಂತೆ.
ಅವರು ಪುಸ್ತಕಕ್ಕೆ ಇಳಿಸಿಕೊಂಡ ಮೇಲೆ
ಒದ್ದೆ ಬಟ್ಟೆಯಿಂದ ನಾನೇ ಒರೆಸಿದೆ, ಎರಡು ಸಲ.

ಎಂಟು ಸಿಕ್ಕವು. ಸುತ್ತ ಗೂಟ ನೆಟ್ಟು ಕಾದೆವು;
ಸೋಮವಾರ ದಳ ಬಂದು ಒಯ್ದಿತು.
ಕೌಲೆ ಅಷ್ಟರಲ್ಲಿ ಸತ್ತಿತ್ತು.
ಹಾಲಮ್ಮನಿಗೆ ಎರಡು ಕೇರಿಯಿಂದಲೂ
ಹೆಸರಿಲ್ಲದೆ ದುಡ್ಡು ಬಂತು, ಕೂಡಿಸಿದರೂ ಹಸುವಿನ ಬೆಲೆಗೆ ಕಡಿಮೆ.
ಅವಳಿನ್ನೂ ನನ್ನೊಡನೆ ಮಾತಾಡುವುದಿಲ್ಲ.
ನನಗೆ ಗೊತ್ತೆಂದು ಅವಳಿಗೆ ಗೊತ್ತು.

ಒಂಬತ್ತನೆಯದು ಸಿಗಲಿಲ್ಲ.
ಹಂದಿ ಒಯ್ದಿರಬಹುದು, ಹಳ್ಳ ಒಯ್ದಿರಬಹುದು,
ಎಣಿಸಿದವನು ತಪ್ಪಿರಬಹುದು, ನಾನು ಕಲಿಸಿದ ಲೆಕ್ಕ.
ಗೂಟ ಹಾಗೇ ಇವೆ.
ಸುಣ್ಣ ಮಾಸಿದಾಗ ಕೇರಿಗೊಬ್ಬರು ಬಂದು
ಒಬ್ಬರಿಗೊಬ್ಬರು ಬೆನ್ನು ಮಾಡಿ ಬಳಿಯುತ್ತಾರೆ.
ಮಕ್ಕಳು ಬಿಳಿ ಎಣಿಸುತ್ತ ಬರುತ್ತಾರೆ.
ನಾನು ಬಾಗಿಲಲ್ಲಿ ನಿಂತು
ಮಕ್ಕಳನ್ನು ಎಣಿಸುತ್ತೇನೆ.