ಮುಳ್ಳು

ಗ್ರಿಮ್ಸ್‌ಬಿಯಲ್ಲಿ ರಾತ್ರಿ ಮೂರು ಗಂಟೆ.
ಏಳನೇ ಕೋಣೆಯ ಡೋರೀನ್ ಡೌಸ್ ಮೀನು ಸೀಳುತ್ತಿದ್ದಾಳೆ
ಬಿಳಿ ಹೊದಿಕೆಯ ಮೇಲೆ, ಚೂರಿಯಿಲ್ಲದೆ, ಮೀನಿಲ್ಲದೆ.
ಎಡಗೈ ಒತ್ತಿ ಹಿಡಿಯುತ್ತದೆ, ಬಲಗೈ
ಕಿವಿರಿನಿಂದ ಬಾಲದವರೆಗೆ ಒಂದೇ ಎಳೆತ.
ಆಮೇಲೆ ಹೆಬ್ಬೆರಳು ತಡವುತ್ತದೆ:
ಮುಳ್ಳು ಉಳಿಯಿತೇ?

ಮಗನ ಹೆಸರು ಹೋಗಿ ಎರಡು ವಾರ.
ಗಂಡ ತೀರಿದ್ದನ್ನು ಮರೆತು, ಮೊನ್ನೆ ಮತ್ತೆ ಕೇಳಿ ತಿಳಿದು,
ಹೊಸದಾಗಿ ಅತ್ತು, ಅತ್ತದ್ದನ್ನೂ ಮರೆತಳು.
ಕೈಗೆ ಮಾತ್ರ ಯಾರೂ ಹೇಳಿಲ್ಲ
ಕಾರ್ಖಾನೆ ಮುಚ್ಚಿ ಮೂವತ್ತು ವರ್ಷವಾಯಿತೆಂದು.

ಚಾರ್ಟಿನಲ್ಲಿ ನಾನು ಬರೆಯಬೇಕಾದದ್ದು: ಚಡಪಡಿಕೆ.
ಬರೆದರೆ ಒಂದು ಸೂಜಿ, ಆಮೇಲೆ ಕೈ ಸುಮ್ಮನೆ.
ಪೆನ್ನು ತೆಗೆದೆ. ಮತ್ತೆ ಕಿಸೆಗಿಟ್ಟೆ.
ಚಡಪಡಿಕೆ ನಾನು ಕಂಡಿದ್ದೇನೆ. ಇದು ಕೆಲಸ.
ಮಲ್ಪೆಯ ದಕ್ಕೆಯಲ್ಲಿ ನನ್ನ ದೊಡ್ಡಮ್ಮ
ಮಂಜುಗಡ್ಡೆಯ ಪುಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತು
ಹೀಗೇ, ಕೈ ನೋಡದೆ, ಯಾರದೋ ಮದುವೆ ಮುರಿದ ಕತೆ ಹೇಳುತ್ತ

"ಬೆರಿಲ್, ನಿನ್ನದೆಷ್ಟಾಯ್ತು?" ತಲೆ ಎತ್ತದೆ ಕೇಳಿದಳು.
"ನಾಲ್ಕು ಪೆಟ್ಟಿಗೆ" ಎಂದೆ.
ನಾನು ಸುಗಂಧಿ. ಬಿಲ್ಲೆ ಎದೆಯ ಮೇಲೇ ಇದೆ.
(ಮೀನಿನವಳ ಮಗಳಿಗೆ ಸುಗಂಧಿಯಂತೆ ಎಂದು
ಶಾಲೆಯಲ್ಲಿ ನಕ್ಕವರ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ.)
"ನಾಲ್ಕೇ? ಮೈಗಳ್ಳಿ!" ನಕ್ಕಳು.
ಹಲ್ಲು ಲೋಟದಲ್ಲಿತ್ತು, ನಗು ಪೂರ್ತಿ ಬಾಯಲ್ಲಿತ್ತು.

ಆಮೇಲೆ ಬಾಗಿಲ ಕಡೆ ನೋಡಿ,
"ಆ ಹುಡುಗನಿಗೆ ಒದ್ದೆ ಬೂಟು ಬಿಚ್ಚಲು ಹೇಳು" ಎಂದಳು.
ಬಾಗಿಲಲ್ಲಿ ಯಾರೂ ಇರಲಿಲ್ಲ. ನನ್ನ ಕಣ್ಣಿಗೆ.
ನನ್ನ ಕನ್ನಡಕದ ನಂಬರೂ ಹೋದ ವರ್ಷ ಏರಿದೆ.
ಹೇಳಿದೆ. ಇಂಗ್ಲಿಷಿನಲ್ಲಿ ಒಮ್ಮೆ,
ಕಡಲ ಕಡೆಯಿಂದ ಬಂದವನಾದರೆ ತಿಳಿದೀತೆಂದು
ತುಳುವಿನಲ್ಲೂ ಒಮ್ಮೆ.
ಹೊಸ್ತಿಲಿಗೆ ಒಂದು ಟವೆಲು ಹಾಸಿದೆ, ಯಾಕೋ.

ಬೆಳಿಗ್ಗೆ ಮಗ ಬಂದ, ರಾತ್ರಿಯಿಡೀ ಲಾರಿ ಓಡಿಸಿ.
ಬೆರಿಲ್ ಯಾರು ಎಂದೆ. ಗೊತ್ತಿಲ್ಲ ಎಂದ.
ಹುಡುಗನ ಸುದ್ದಿ ಎತ್ತಲಿಲ್ಲ.
ಹೊರಗೆ ಮಳೆ ಜಿನುಗುತ್ತಿತ್ತು; ಅರವತ್ತರ ಆ ಮನುಷ್ಯ
ಯಾರೂ ಹೇಳದೆ, ಟವೆಲಿನ ಮೇಲೆ ನಿಂತು
ಬಗ್ಗಿ, ಏದುಸಿರು ಬಿಡುತ್ತ, ಬೂಟು ಬಿಚ್ಚಿದ.

ಗೋಡೆಯಲ್ಲಿ ಮುಳ್ಳು ಏಳು ದಾಟಿತ್ತು.
ನನ್ನ ಪಾಳಿ ಮುಗಿದಿತ್ತು, ಬಸ್ಸು ತಪ್ಪಿತ್ತು.
ಅವನ ಅಂಗೈಯನ್ನು ಮಡಿಲಿಗೆಳೆದುಕೊಂಡು
ಅವಳ ಹೆಬ್ಬೆರಳು ತಡವುತ್ತಿತ್ತು
ಮಣಿಕಟ್ಟಿನಿಂದ ಬೆರಳ ತುದಿಗೆ, ಮತ್ತೆ ಮಣಿಕಟ್ಟಿನಿಂದ,
ತಿನ್ನುವವರ ಗಂಟಲಿಗೆ
ಒಂದೂ ಸಿಗಬಾರದು ಎಂಬಂತೆ.